ಅಮ್ಮನ ಬೂಟು ಮತ್ತು ಜಾರುವ ಚರಿತ್ರೆ

2018ರ ಜನವರಿ. ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಮೊದಲ ಸಲ ಟೊರಾಂಟೋಗೆ ಬಂದಿದ್ದ ಅಮ್ಮನನ್ನು ಕರಕೊಂಡು ಹಾಲು ತರಲು ಹೊರಟಿದ್ದೆ. ಹಿಂದಿನ ದಿನ ಬಿಸಿಲಿಗೆ ಹಿಮ ಕರಗಿ ನೀರಾಗಿತ್ತು, ರಾತ್ರಿ ಅದೇ ನೀರು ಮತ್ತೆ ಹೆಪ್ಪುಗಟ್ಟಿತ್ತು. ಫುಟ್‌ಪಾತ್ ರಸ್ತೆಗೆ ಇಳಿಯುವ ಕಡೆ ಒಂದು ಸಣ್ಣ ಇಳಿಜಾರು. ಅಮ್ಮ ಅಲ್ಲಿ ಕಾಲಿಟ್ಟಿದ್ದಷ್ಟೇ ಗೊತ್ತು. ಮರುಕ್ಷಣ ನೆಲದ ಮೇಲಿದ್ದಳು, ಬಲಗೈ ಮಣಿಕಟ್ಟು ಮುರಿದಿತ್ತು.

ನೋವಿನಲ್ಲೂ ಅವಳು ಅಂದಿದ್ದು ಇದು: "ಎಂಥ ಮಾರಾಯ, ಇಷ್ಟು ದೊಡ್ಡ ಊರಲ್ಲಿ ಅಂಗಳಕ್ಕೆ ನಾಲ್ಕು ದಬ್ಬೆ ಹಾಸೋಕೆ ಯಾರೂ ಇಲ್ವಾ?"

ಮಲೆನಾಡಿನವರಿಗೆ ಈ ಮಾತು ಅರ್ಥವಾಗುತ್ತೆ. ಮಳೆಗಾಲದಲ್ಲಿ ಅಂಗಳ ಹಾವಸೆ ಕಟ್ಟಿ ಜಾರುತ್ತೆ ಅಂತ ಮನೆಯಿಂದ ಕೊಟ್ಟಿಗೆಯ ತನಕ ಅಡಿಕೆ ದಬ್ಬೆ ಹಾಸುತ್ತಾರಲ್ಲ, ಅದು. ನನಗೆ ಮಾತ್ರ ಆ ಮಾತು ಚುಚ್ಚಿತು. ಏಕೆಂದರೆ ಆ ಬೂಟು ಆರಿಸಿದ್ದು ನಾನು. ಮೈನಸ್ ಎಷ್ಟು ಡಿಗ್ರಿ ತನಕ ಬೆಚ್ಚಗಿಡುತ್ತೆ ಅಂತ ಚೀಟಿ ಓದಿ, ದುಬಾರಿಯದನ್ನೇ ತಂದಿದ್ದೆ. ಬೂಟನ್ನು ತಿರುವಿ ಅಟ್ಟೆ ನೋಡಿರಲೇ ಇಲ್ಲ! ಅಮ್ಮನ ಕೈ ಪ್ಲಾಸ್ಟರಿನಲ್ಲಿದ್ದ ಆರು ವಾರ ನಾನು ಓದಿದ್ದೆಲ್ಲ ಇದರ ಬಗ್ಗೆಯೇ. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ.

ಮೊದಲು, ಮಂಜುಗಡ್ಡೆ ಯಾಕೆ ಜಾರುತ್ತೆ? ನಮ್ಮ ಭಾರಕ್ಕೆ ಅದು ಕರಗುತ್ತೆ ಅಂತ ಶಾಲೆಯಲ್ಲಿ ಕಲಿತ ನೆನಪು. ಆದರೆ ಮನುಷ್ಯನ ಭಾರ ಅದಕ್ಕೆ ಸಾಲದು. 1850ರಲ್ಲಿಯೇ ಮೈಕೆಲ್ ಫ್ಯಾರಡೆ ಎರಡು ಮಂಜುಗಡ್ಡೆ ಮುಟ್ಟಿಸಿದರೆ ಅಂಟಿಕೊಳ್ಳುವುದನ್ನು ತೋರಿಸಿ, ಮೇಲ್ಮೈಯಲ್ಲಿ ತೆಳುವಾದ ದ್ರವದ ಪದರ ಇರಬೇಕು ಅಂದಿದ್ದ. 1939ರಲ್ಲಿ ಬೌಡನ್ ಮತ್ತು ಹ್ಯೂಸ್, ಉಜ್ಜುವಿಕೆಯ ಬಿಸಿಗೆ ಕರಗುತ್ತೆ ಅಂದರು. 2018ರಲ್ಲಿ, ಅಂದರೆ ಅಮ್ಮ ಬಿದ್ದ ವರ್ಷವೇ, ಆಮ್ಸ್ಟರ್‌ಡ್ಯಾಮ್ ಮತ್ತು ಮೈನ್ಜ್‌ನ ಸಂಶೋಧಕರು ಉಕ್ಕಿನ ಗುಂಡು ಜಾರಿಸಿ ನೋಡಿದಾಗ ಮೈನಸ್ 7 ಡಿಗ್ರಿ ಹತ್ತಿರ ಅತಿ ಹೆಚ್ಚು ಜಾರಿಕೆ ಕಂಡಿತು. ಮೇಲ್ಮೈಯ ಅಣುಗಳು ಸಡಿಲವಾಗಿ ಓಡಾಡುವುದೇ ಕಾರಣ ಎಂದರು. ಇನ್ನು ಸೊನ್ನೆಯ ಹತ್ತಿರ ಮಂಜುಗಡ್ಡೆ ಮೇಲೆ ನೀರು ನಿಂತರಂತೂ ರಬ್ಬರ್ ಅಟ್ಟೆಯ ಕಥೆ ಮುಗಿದ ಹಾಗೆ.

ಕಾರಣ ಗೊತ್ತಿಲ್ಲದಿದ್ದರೂ ಮನುಷ್ಯ ಉಪಾಯ ಹುಡುಕಿಕೊಂಡಿದ್ದ. 1991ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಸಿಕ್ಕ ಓಟ್ಜಿ ಎಂಬ ಹಿಮಮಾನವನ ಕಥೆ ಕೇಳಿರುತ್ತೀರಿ. ಸುಮಾರು 5300 ವರ್ಷ ಹಳೆಯ ದೇಹ. ಅವನ ಬೂಟಿಗೆ ಕರಡಿ ಚರ್ಮದ ಅಟ್ಟೆ, ಒಳಗೆ ಬೆಚ್ಚಗಿರಲು ಒಣಹುಲ್ಲು. ಅಟ್ಟೆಯ ಕೆಳಗೆ ಅಡ್ಡಲಾಗಿ ಒಂದು ಚರ್ಮದ ಪಟ್ಟಿ, ಜಾರದಿರಲಿ ಅಂತ. ಬೆಚ್ಚಗಿರುವುದು ಬೇರೆ, ಜಾರದಿರುವುದು ಬೇರೆ ಅಂತ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ :-)

ಸ್ವೀಡನ್ನಿನ ಬಿರ್ಕಾದಲ್ಲಿ ವೈಕಿಂಗರು ಕಾಲಡಿಗೆ ಕಟ್ಟಿಕೊಳ್ಳುತ್ತಿದ್ದ ಕಬ್ಬಿಣದ ಮುಳ್ಳುಗಳು ಸಿಕ್ಕಿವೆ. ನಂತರದ ಶತಮಾನಗಳ ಪರ್ವತಾರೋಹಿಗಳೂ ಮೊಳೆ ಹೊಡೆದ ಚರ್ಮದ ಬೂಟನ್ನೇ ನಂಬಿದ್ದರು. ಕಡಿದಾದ ಬಂಡೆ ಹತ್ತುವಾಗ ಮಾತ್ರ ಅದನ್ನು ಕಳಚಿ ಮೆತ್ತನೆಯ ಹಗುರ ಪಾದರಕ್ಷೆ ಹಾಕಿಕೊಳ್ಳುತ್ತಿದ್ದರು. ಈ ಅದಲು ಬದಲು 1935ರಲ್ಲಿ ಪ್ರಾಣ ತೆಗೆಯಿತು. ಇಟಲಿಯ ಪುಂಟಾ ರಾಸಿಕಾ ಶಿಖರದಲ್ಲಿ ಬಿರುಗಾಳಿಗೆ ಸಿಕ್ಕ ತಂಡದಲ್ಲಿ 6 ಜನ ಸತ್ತರು. ಹಿಮ ಕವಿದ ಬಂಡೆಯಲ್ಲಿ ಆ ಹಗುರ ಪಾದರಕ್ಷೆ ಉಪಯೋಗಕ್ಕೆ ಬರಲಿಲ್ಲ. ಜೊತೆಯಲ್ಲಿದ್ದ ವಿಟಾಲೆ ಬ್ರಮಾನಿ ಬದುಕಿ ಬಂದು, ಎರಡಕ್ಕೂ ಆಗುವ ಅಟ್ಟೆಯ ಹಿಂದೆ ಬಿದ್ದ. ಪಿರೆಲ್ಲಿ ಟೈರ್ ಕಂಪನಿಯ ನೆರವಿನಿಂದ 1937ರಲ್ಲಿ ಆಳವಾದ ಹಲ್ಲುಗಳ ರಬ್ಬರ್ ಅಟ್ಟೆ ಬಂತು. ಅವನ ಹೆಸರಿಂದಲೇ ವಿಬ್ರಮ್. 1954ರಲ್ಲಿ ಕೆ2 ಶಿಖರ ಮೊದಲು ಏರಿದ ಇಟಲಿಯವರ ಕಾಲಲ್ಲಿ ಇದ್ದದ್ದು ಅದೇ.

ಅಲ್ಲಿಂದ ಹಲ್ಲಿನ ಅಟ್ಟೆ ಊರಿನ ಬೂಟಿಗೂ ಬಂತು. ಆದರೆ ಹಲ್ಲು ಕಚ್ಚುವುದು ಹಿಮ ಮತ್ತು ಮಣ್ಣನ್ನು. ಗಾಜಿನಂಥ ಮಂಜುಗಡ್ಡೆಯಲ್ಲಿ ಕಚ್ಚಲು ಏನಿದೆ? ನಾನು ತಂದ ಬೂಟಿಗೂ ಹಲ್ಲು ಬೇಕಾದಷ್ಟಿದ್ದವು!

ಜಪಾನಿನ ಸಪ್ಪೊರೊ ನಗರದ ಕಥೆ ಇನ್ನೂ ವಿಚಿತ್ರ. ಮೊಳೆ ಟೈರುಗಳು ರಸ್ತೆ ಕೆರೆದು ಧೂಳೆಬ್ಬಿಸುತ್ತವೆ ಅಂತ 1990ರಲ್ಲಿ ಅಲ್ಲಿ ಕಾನೂನು ಬಂತು. ಧೂಳು ಹೋಯಿತು. ಆದರೆ ಮೊಳೆಯಿಲ್ಲದ ಟೈರುಗಳು ರಸ್ತೆಯ ಮಂಜುಗಡ್ಡೆಯನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದವು, ದಾಟುವ ಜನ ಬೀಳತೊಡಗಿದರು. ಕೊನೆಗೆ ನಗರದವರು ಬೀದಿ ಮೂಲೆಗಳಲ್ಲಿ ಮರಳಿನ ಪೆಟ್ಟಿಗೆ ಇಟ್ಟರು, ಯಾರು ಬೇಕಾದರೂ ತೆಗೆದು ಚೆಲ್ಲಬಹುದು. ಅಮ್ಮನಿಗೆ ಹೇಳಿದೆ. "ಹಾಂ, ಅವರು ಬುದ್ಧಿವಂತರು" ಅಂದಳು.

ಈಗ ನನ್ನ ಹೊಟ್ಟೆ ಉರಿಸಿದ ಸಂಗತಿ. ಟೊರಾಂಟೋದಲ್ಲೇ, ನೆಲದಡಿಯ ಒಂದು ಪ್ರಯೋಗಾಲಯದಲ್ಲಿ, ಮಂಜುಗಡ್ಡೆ ನೆಲದ ಕೋಣೆಯನ್ನು ಓರೆ ಮಾಡಿ, ಬೀಳದಂತೆ ಪಟ್ಟಿ ಕಟ್ಟಿದ ಜನರನ್ನು ನಡೆಸಿ ಬೂಟು ಪರೀಕ್ಷೆ ಮಾಡಿದ್ದರು. ಪಾಸಾಗಲು ಕನಿಷ್ಠ 7 ಡಿಗ್ರಿ ಓರೆಯಲ್ಲಿ ಜಾರದೆ ನಡೆಯಬೇಕು. ಯಾಕೆ 7? ಫುಟ್‌ಪಾತ್ ರಸ್ತೆಗಿಳಿಯುವ ಇಳಿಜಾರಿನ ಲೆಕ್ಕ ಅದು. ಅಮ್ಮ ಬಿದ್ದ ಜಾಗ! 2016ರಲ್ಲಿ ಫಲಿತಾಂಶ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದರು. ಪರೀಕ್ಷಿಸಿದ 98 ಬೂಟುಗಳಲ್ಲಿ ಪಾಸಾದವು ಹತ್ತರಲ್ಲಿ ಒಂದು ಭಾಗವೂ ಇಲ್ಲ. ಗೆದ್ದವುಗಳ ಗುಟ್ಟು, ರಬ್ಬರಿನ ಒಳಗೇ ಬೆರೆಸಿದ ಗಟ್ಟಿ ಹರಳು ಅಥವಾ ಒರಟು ನಾರು. ವೈಕಿಂಗರ ಮೊಳೆಯನ್ನೇ ಪುಡಿ ಮಾಡಿ ಬ್ರಮಾನಿಯ ರಬ್ಬರಿಗೆ ಬೆರೆಸಿದ ಹಾಗೆ. ಮನೆಯಿಂದ ಕೆಲವೇ ಮೈಲಿ ದೂರದಲ್ಲಿ ಉತ್ತರ ಇತ್ತು, ನಾನು ನೋಡಿರಲಿಲ್ಲ....

ಹಾಗಾಗಿ ಚಳಿದೇಶದಲ್ಲಿರುವ ಗೆಳೆಯರೇ, ಬೂಟು ಕೊಳ್ಳುವಾಗ ಮೊದಲು ತಿರುವಿ ನೋಡಿ. ಉಗುರಿನಿಂದ ಒತ್ತಿದರೆ ಅಟ್ಟೆ ಸ್ವಲ್ಪ ಮೆತ್ತಗಿರಬೇಕು, ಗಟ್ಟಿ ಪ್ಲಾಸ್ಟಿಕ್ ಅಥವಾ ನುಣುಪು ಚರ್ಮ ಬೇಡ. ಮುಟ್ಟಿದರೆ ಉಪ್ಪುಕಾಗದದಂತೆ ತರಿತರಿ ಇದ್ದರೆ ಒಳ್ಳೆಯದು. ಹಿಮ್ಮಡಿ ತಗ್ಗಾಗಿ ಅಗಲವಾಗಿರಲಿ. ಬೂಟಿನ ಮೇಲೆ ಎಳೆದು ಹಾಕುವ ಮುಳ್ಳಿನ ಪಟ್ಟಿ ಬರಿ ಮಂಜುಗಡ್ಡೆಗೆ ಬಹಳ ಒಳ್ಳೆಯದು, ಆದರೆ ಅಂಗಡಿಯ ನುಣುಪು ನೆಲಕ್ಕೆ ಬಂದಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಅಲ್ಲೇ ಜಾರುತ್ತೀರಿ. ಅಟ್ಟೆ ಸವೆದ ಬೂಟನ್ನು ಮೇಲೆ ಚೆನ್ನಾಗಿದೆ ಅಂತ ಇಟ್ಟುಕೊಳ್ಳಬೇಡಿ. ನಡೆಯುವಾಗ ಪುಟ್ಟ ಹೆಜ್ಜೆ, ಕೈ ಜೇಬಿನಿಂದ ಹೊರಗೆ.

ಏನೂ ಇಲ್ಲದಿದ್ದರೆ? ನ್ಯೂಜಿಲೆಂಡಿನ ಡುನೆಡಿನ್ ಊರಿನ ಸಂಶೋಧಕರು ಇಳಿಜಾರು ಫುಟ್‌ಪಾತಿನಲ್ಲಿ ಬೂಟಿನ ಹೊರಗೆ ಕಾಲುಚೀಲ ಹಾಕಿಸಿ ಪರೀಕ್ಷೆ ಮಾಡಿದರು. ಜಾರುವುದು ಕಡಿಮೆಯಾಯಿತು ಅಂತ 2009ರಲ್ಲಿ ಪ್ರಕಟಿಸಿ, 2010ರಲ್ಲಿ ನಗಿಸುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಗೆದ್ದರು!

ಇದನ್ನು ಹೇಳಿದಾಗ ಅಮ್ಮ ನಗಲಿಲ್ಲ. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಮಳೆಗಾಲದ ಅಡಿಕೆ ಮರ ಹತ್ತುವವರನ್ನು ಜೀವಮಾನವಿಡೀ ನೋಡಿದವಳು ಅವಳು. "ಇದ್ರಲ್ಲಿ ನಗೋದೆಂಥದು?" ಅಂದಳು. ಮತ್ತೆ ಹೊರಗೆ ಹೊರಟ ದಿನ ಹೊಸ ಬೂಟಿನ ಮೇಲೆ ಅಪ್ಪನ ಹಳೇ ಉಣ್ಣೆ ಕಾಲುಚೀಲ ಎಳೆದುಕೊಂಡು, ನನ್ನ ತೋಳು ಹಿಡಿದು, ಅದೇ ಇಳಿಜಾರು ದಾಟಿದಳು. ದಾರಿಹೋಕರು ನೋಡಿ ನಕ್ಕರು. ನಾವು ಹಾಲು ತಂದೆವು.