ಕುರ್ಚಿ ಬಿಟ್ಟುಕೊಟ್ಟ ವಕೀಲರು: ದಾರದಹಳ್ಳಿಯ ಚಂದ್ರೇಗೌಡರು

1978ರ ಚಿಕ್ಕಮಗಳೂರು ಉಪಚುನಾವಣೆ ಅಂದ ತಕ್ಷಣ ಇಂದಿರಾ ಗಾಂಧಿ ನೆನಪಾಗ್ತಾರೆ. ಅವರಿಗಾಗಿ ಕುರ್ಚಿ ಖಾಲಿ ಮಾಡಿದವರ ಕಥೆ ಮಾತ್ರ ಒಂದೇ ಸಾಲಲ್ಲಿ ಮುಗಿದುಹೋಗುತ್ತೆ. ಇವತ್ತಿನ ಸಂಚಿಕೆ ಅವರದ್ದು: ಡಿ.ಬಿ. ಚಂದ್ರೇಗೌಡ.

ಹುಟ್ಟಿದ್ದು 1936ರಲ್ಲಿ, ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯಲ್ಲಿ. ಕಾನೂನು ಓದಿ ವಕೀಲರಾದರು, ಆಮೇಲೆ ರಾಜಕೀಯಕ್ಕೆ ಬಂದರು. 1971ರಲ್ಲಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದಾಗ ವಯಸ್ಸು ಇನ್ನೂ 34.

1977ರಲ್ಲಿ, ತುರ್ತುಪರಿಸ್ಥಿತಿಯ ನಂತರದ ಚುನಾವಣೆಯಲ್ಲಿ, ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಇಂದಿರಾ ಅವರೇ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತರು. ಆದ್ರೆ ಕರ್ನಾಟಕದಲ್ಲಿ 28 ಕ್ಷೇತ್ರಗಳ ಪೈಕಿ 26 ಕಾಂಗ್ರೆಸ್‌ಗೇ ಬಂತು. ಚಂದ್ರೇಗೌಡರೂ ಮತ್ತೆ ಗೆದ್ದರು. ಇಂದಿರಾ ಅವರಿಗೆ ಸಂಸತ್ತಿಗೆ ವಾಪಸ್ ಹೋಗೋಕೆ ಭದ್ರವಾದ ಕ್ಷೇತ್ರ ಬೇಕಿತ್ತು. ಇವರು ರಾಜೀನಾಮೆ ಕೊಟ್ಟರು.

ಇಲ್ಲೇ ನನ್ನನ್ನು ಕಾಡೋ ಪ್ರಶ್ನೆ ಇರೋದು. ಆ ಕುರ್ಚಿ ಯಾರದ್ದು? 1974ರ 33ನೇ ತಿದ್ದುಪಡಿ ಬಂದಮೇಲೆ, ಸಂಸದರ ರಾಜೀನಾಮೆ ಸ್ವಂತ ಇಚ್ಛೆಯದ್ದೇ, ನಿಜವಾದದ್ದೇ ಅಂತ ಸ್ಪೀಕರ್‌ಗೆ ಮನವರಿಕೆ ಆಗಬೇಕು. ಮತ ಹಾಕಿದವರ ಒಪ್ಪಿಗೆಯನ್ನು ಮಾತ್ರ ಯಾವ ಕಾನೂನೂ ಕೇಳಲ್ಲ. ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ: ಜನರ ಖಾತೆಯಲ್ಲಿದ್ದ ಠೇವಣಿಯನ್ನು ಒಬ್ಬರ ಸಹಿ ಮೇಲೆ ಇನ್ನೊಬ್ಬರ ಹೆಸರಿಗೆ ವರ್ಗಾಯಿಸೋಕೆ ಹೊರಟ ಹಾಗೆ.

ಜನ ಸಿಟ್ಟಾಗಲಿಲ್ಲ ಅನ್ನೋದೂ ನಿಜ. ನವೆಂಬರ್‌ನಲ್ಲಿ ಜನತಾ ಪಕ್ಷದ ವೀರೇಂದ್ರ ಪಾಟೀಲರು ಎದುರಾಳಿ. ಜಾರ್ಜ್ ಫರ್ನಾಂಡಿಸ್ ಅವರ ಪರ ಹಗಲು ರಾತ್ರಿ ಓಡಾಡಿದರು. ಆದರೂ ಇಂದಿರಾ 70,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಅಂದ್ರೆ ವರ್ಗಾವಣೆಗೆ ಮತದಾರರೇ ಮುದ್ರೆ ಒತ್ತಿದ ಹಾಗಾಯ್ತು.

ಆದ್ರೆ ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಹಕ್ಕುಚ್ಯುತಿ ಪ್ರಕರಣದಲ್ಲಿ ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಮಾರುತಿ ಕಂಪನಿ ಬಗ್ಗೆ ಸದನಕ್ಕೆ ಮಾಹಿತಿ ಕಲೆಹಾಕ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರು ಅನ್ನೋದು ಆರೋಪ. 1981ರಲ್ಲಿ ಲೋಕಸಭೆಯೇ ಆ ನಿರ್ಣಯ ರದ್ದು ಮಾಡಿತು. ಆದ್ರೆ ಅವತ್ತಿಗೆ, ಗೆದ್ದು ಒಂದೂವರೆ ತಿಂಗಳೊಳಗೆ, ಚಿಕ್ಕಮಗಳೂರಿಗೆ ಹಳೇ ಸಂಸದರೂ ಇಲ್ಲ, ಹೊಸಬರೂ ಇಲ್ಲ.

ಗೌಡರ ರಾಜಕೀಯ ಅಲ್ಲಿಗೆ ಮುಗೀಲಿಲ್ಲ. 1983ರಲ್ಲಿ ಜನತಾ ಪಕ್ಷದಿಂದ ತೀರ್ಥಹಳ್ಳಿಯಲ್ಲಿ ಗೆದ್ದು ವಿಧಾನಸಭೆಯ ಸ್ಪೀಕರ್ ಆದರು. ಮತ್ತೆ ಕಾಂಗ್ರೆಸ್‌ಗೆ ಬಂದು ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಸಚಿವರಾದರು. 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದ. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು, ನಾಲ್ಕೂ ಸದನಗಳನ್ನು ಕಂಡವರು. 2023ರ ನವೆಂಬರ್‌ನಲ್ಲಿ ತೀರಿಕೊಂಡರು.

ಅವರ ರಾಜೀನಾಮೆಯನ್ನು ತ್ಯಾಗ ಅಂತಾರೆ. ಸರಿ, ಅವರ ಪಾಲಿಗೆ ತ್ಯಾಗವೇ. ಆದ್ರೆ ಬಿಟ್ಟುಕೊಟ್ಟದ್ದರಲ್ಲಿ ಮತದಾರರ ಪಾಲೂ ಇತ್ತು, ಅದನ್ನೂ ಲೆಕ್ಕಕ್ಕೆ ಬರೀಬೇಕು. ಕಳಸ, ಮೂಡಿಗೆರೆ ಕಡೆ ನಿಮ್ಮನೇಲಿ ಅವತ್ತು ವೋಟು ಹಾಕಿದ ಅಜ್ಜ, ಅಜ್ಜಿ ಇದ್ರೆ ಕೇಳಿ: ನಿಮ್ಮನ್ನ ಯಾರಾದ್ರೂ ಕೇಳಿದ್ರಾ ಅಂತ. ಉತ್ತರ ನನಗೂ ಕಳಿಸಿ.