ಬಡತನದ ಕುರಿತ ಅಭಿಪ್ರಾಯ ಲೇಖನಗಳ ಭಾಷೆ

ಸಂಪಾದಕೀಯ, ಅಂಕಣ ಹಾಗೂ ವಿಶ್ಲೇಷಣಾ ಬರಹಗಳಲ್ಲಿ ಬಡತನದ ಕಾರಣ, ಪ್ರಮಾಣ ಮತ್ತು ಪರಿಹಾರಗಳ ಬಗ್ಗೆ ಓದುಗರ ಮನವೊಲಿಸಲು ಪತ್ರಕರ್ತರು ಬಳಸುವ ಪದ, ರೂಪಕ, ಅಂಕಿಅಂಶ ಮತ್ತು ನಿರೂಪಣಾ ಕ್ರಮಗಳನ್ನು ಬಡತನದ ಕುರಿತ ಅಭಿಪ್ರಾಯ ಲೇಖನಗಳ ಭಾಷೆ ಎನ್ನಬಹುದು. ಸುದ್ದಿ ವರದಿಯು ನಡೆದುದನ್ನು ತಿಳಿಸಿದರೆ, ಅಭಿಪ್ರಾಯ ಲೇಖನವು ಅದನ್ನು ಹೇಗೆ ಅರ್ಥೈಸಬೇಕೆಂದು ವಾದಿಸುತ್ತದೆ. ಕಡುಬಡವರು ಇಂತಹ ಲೇಖನಗಳನ್ನು ಬರೆಯುವುದು ವಿರಳ. ಆದರೆ ಅವರಿಗೆ ಸಲ್ಲುವ ಪಡಿತರ, ಪಿಂಚಣಿ ಮತ್ತು ಕೂಲಿಯ ಕುರಿತ ಸಾರ್ವಜನಿಕ ಅಭಿಪ್ರಾಯವನ್ನು ರೂಪಿಸುವುದರಲ್ಲಿ ಈ ಬರಹಗಳ ಪಾತ್ರವಿದೆ.

== ಹಿನ್ನೆಲೆ ==

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಮನವೊಲಿಕೆಗೆ ಮೂರು ಸಾಧನಗಳನ್ನು ಗುರುತಿಸಿದನು: ಮಾತನಾಡುವವನ ವಿಶ್ವಾಸಾರ್ಹತೆ, ಕೇಳುಗರ ಭಾವನೆ ಮತ್ತು ತರ್ಕ. ಬಡತನದ ಕುರಿತ ಬರಹಗಳಲ್ಲಿ ಈ ಮೂರೂ ಕಂಡುಬರುತ್ತವೆ. ಜೊನಾಥನ್ ಸ್ವಿಫ್ಟ್ 1729ರಲ್ಲಿ ಪ್ರಕಟಿಸಿದ 'ಎ ಮಾಡೆಸ್ಟ್ ಪ್ರಪೋಸಲ್' ಎಂಬ ಕಿರುಹೊತ್ತಿಗೆಯು ಐರ್ಲೆಂಡಿನ ಬಡವರ ಮಕ್ಕಳನ್ನು ಆಹಾರವಾಗಿ ಮಾರಬೇಕೆಂದು ಲೆಕ್ಕಾಚಾರದ ಧಾಟಿಯಲ್ಲಿ ಸೂಚಿಸಿ, ಬಡವರನ್ನು ಬರಿಯ ಸಂಖ್ಯೆಗಳಾಗಿ ಕಾಣುವ ಮನೋಭಾವವನ್ನು ವಿಡಂಬಿಸಿತು. ಭಾರತದಲ್ಲಿ ದಾದಾಭಾಯಿ ನವರೋಜಿಯವರ 'ಪಾವರ್ಟಿ ಅಂಡ್ ಅನ್-ಬ್ರಿಟಿಷ್ ರೂಲ್ ಇನ್ ಇಂಡಿಯಾ' (1901) ಕೃತಿಯು ದೇಶದ ಸಂಪತ್ತು ಹೊರಕ್ಕೆ ಹರಿದುಹೋಗುತ್ತಿದೆ ಎಂಬ 'ಸೋರಿಕೆ'ಯ ರೂಪಕದ ಮೂಲಕ ಬಡತನಕ್ಕೆ ವಸಾಹತುಶಾಹಿ ಆಡಳಿತವನ್ನು ಹೊಣೆಯಾಗಿಸಿತು.

== ಪದಗಳ ಆಯ್ಕೆ ==

ಒಂದೇ ಯೋಜನೆಗೆ ಬಳಸುವ ಹೆಸರು ಲೇಖಕನ ನಿಲುವನ್ನು ಸೂಚಿಸುತ್ತದೆ. 'ಹಕ್ಕು', 'ಆಹಾರ ಭದ್ರತೆ' ಎಂಬ ಪದಗಳು ನೆರವನ್ನು ಸರ್ಕಾರದ ಕರ್ತವ್ಯವೆಂದು ಬಿಂಬಿಸಿದರೆ, 'ಉಚಿತ ಕೊಡುಗೆ', 'ಬಿಟ್ಟಿ' ಎಂಬವು ಅದನ್ನು ತೆರಿಗೆದಾರರ ಹೊರೆಯೆಂದು ಬಿಂಬಿಸುತ್ತವೆ. ಕರ್ನಾಟಕದಲ್ಲಿ 2013ರ ಅನ್ನಭಾಗ್ಯ ಯೋಜನೆ ಹಾಗೂ 2023ರ ಐದು ಗ್ಯಾರಂಟಿ ಯೋಜನೆಗಳ ಚರ್ಚೆಯಲ್ಲಿ 'ಭಾಗ್ಯ', 'ಗ್ಯಾರಂಟಿ' ಎಂಬ ಅಧಿಕೃತ ಹೆಸರುಗಳಿಗೆ ಎದುರಾಗಿ ಟೀಕಾಕಾರರು 'ಬಿಟ್ಟಿ ಭಾಗ್ಯ' ಎಂಬ ನುಡಿಗಟ್ಟನ್ನು ಬಳಸಿದರು. 2022ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಬಳಸಿದ 'ರೇವಡಿ ಸಂಸ್ಕೃತಿ' ಎಂಬ ಮಾತು ದೇಶದಾದ್ಯಂತ ಅಂಕಣಗಳ ವಿಷಯವಾಯಿತು.

== ಅಂಕಿಅಂಶಗಳ ಬಳಕೆ ==

ಅಂಕಿಗಳು ತಟಸ್ಥವೆಂದು ತೋರಿದರೂ ಅವುಗಳನ್ನು ಹೇಳುವ ಕ್ರಮವೇ ವಾದವಾಗಬಲ್ಲದು. 2011ರ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗವು ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿದ್ದ ಬಡತನ ರೇಖೆಯು ತಲಾ ಮಾಸಿಕ ವೆಚ್ಚದಲ್ಲಿ ನಗರಗಳಿಗೆ 965 ರೂಪಾಯಿ, ಗ್ರಾಮಗಳಿಗೆ 781 ರೂಪಾಯಿ ಆಗಿತ್ತು. ಪತ್ರಿಕೆಗಳು ಇದನ್ನು ದಿನಕ್ಕೆ 32 ಮತ್ತು 26 ರೂಪಾಯಿಗಳೆಂದು ಬರೆದಾಗ, ಓದುಗರು ಅದನ್ನು ಒಂದು ಊಟದ ಬೆಲೆಯೊಡನೆ ಹೋಲಿಸಿದರು. ವ್ಯಾಪಕ ಆಕ್ರೋಶ ಉಂಟಾಯಿತು. ರೇಖೆಯನ್ನು ಸಮರ್ಥಿಸಿದವರು ಅದನ್ನೇ ಐವರ ನಗರ ಕುಟುಂಬಕ್ಕೆ ತಿಂಗಳಿಗೆ ಸುಮಾರು 4,800 ರೂಪಾಯಿ ಎಂದು ಹೇಳಿದರು. ಎರಡೂ ಲೆಕ್ಕಗಳು ಸರಿಯೇ. ಆದರೆ ಅವು ಮೂಡಿಸುವ ಚಿತ್ರಗಳು ಬೇರೆ.

ಅಳತೆಯ ವಿಧಾನವೂ ಇದೇ ರೀತಿ ಆಯ್ಕೆಗೆ ಒಳಪಡುತ್ತದೆ. 2011–12ನೇ ಸಾಲಿಗೆ ಭಾರತದ ಬಡವರ ಪ್ರಮಾಣವು ತೆಂಡೂಲ್ಕರ್ ಸಮಿತಿಯ ವಿಧಾನದಂತೆ ಶೇ. 21.9, ರಂಗರಾಜನ್ ಸಮಿತಿಯ ವಿಧಾನದಂತೆ ಶೇ. 29.5 ಆಗಿತ್ತು. ಲೇಖಕನು ವಿಧಾನವನ್ನು ತಿಳಿಸದೆ ಒಂದೇ ಸಂಖ್ಯೆಯನ್ನು ನೀಡಿದರೆ ಓದುಗನಿಗೆ ಹೋಲಿಕೆಯ ಅವಕಾಶ ಇರುವುದಿಲ್ಲ.

== ವ್ಯಕ್ತಿಕಥನ ಮತ್ತು ವ್ಯವಸ್ಥೆ ==

ರಾಜಕೀಯ ವಿಜ್ಞಾನಿ ಶಾಂತೋ ಅಯ್ಯಂಗಾರ್ 1991ರ 'ಈಸ್ ಎನಿವನ್ ರೆಸ್ಪಾನ್ಸಿಬಲ್?' ಕೃತಿಯಲ್ಲಿ ಅಮೆರಿಕದ ದೂರದರ್ಶನ ಸುದ್ದಿಗಳನ್ನು ಅಧ್ಯಯನ ಮಾಡಿದರು. ಬಡತನವನ್ನು ಬಿಡಿ ವ್ಯಕ್ತಿಗಳ ಕಥೆಯಾಗಿ ತೋರಿಸಿದಾಗ ವೀಕ್ಷಕರು ಆ ವ್ಯಕ್ತಿಗಳನ್ನೇ ಹೊಣೆಯಾಗಿಸುವ ಸಾಧ್ಯತೆ ಹೆಚ್ಚುತ್ತದೆ, ಸಾಮಾಜಿಕ ಹಿನ್ನೆಲೆಯೊಡನೆ ತೋರಿಸಿದಾಗ ಸಮಾಜ ಮತ್ತು ಸರ್ಕಾರವನ್ನು ಹೊಣೆಯಾಗಿಸುತ್ತಾರೆ ಎಂದು ಅವರು ಕಂಡುಕೊಂಡರು. ಹೀಗಾಗಿ ಅನುಕಂಪ ಹುಟ್ಟಿಸಲು ಹೇಳಿದ ಕಥೆಯೂ ವಿರುದ್ಧ ಪರಿಣಾಮ ಬೀರಬಹುದು. 1976ರ ಚುನಾವಣಾ ಪ್ರಚಾರದಲ್ಲಿ ರೊನಾಲ್ಡ್ ರೇಗನ್ ಷಿಕಾಗೋದ ಒಬ್ಬ ಮಹಿಳೆಯ ವಂಚನೆಯನ್ನು ಪದೇ ಪದೇ ಉಲ್ಲೇಖಿಸಿದರು. 'ವೆಲ್‌ಫೇರ್ ಕ್ವೀನ್' ಎಂಬ ಪದವು ನೆರವು ಪಡೆಯುವವರೆಲ್ಲರ ಮೇಲೆ ಅನುಮಾನ ಮೂಡಿಸುವ ಪಡಿಯಚ್ಚಾಗಿ ಉಳಿಯಿತು.

ವ್ಯಕ್ತಿಕಥನವನ್ನು ವ್ಯವಸ್ಥೆಯ ವಿವರಣೆಯೊಡನೆ ಬೆಸೆದ ಬರವಣಿಗೆಗೆ ಪಿ. ಸಾಯಿನಾಥ್ ಅವರ 'ಎವೆರಿಬಡಿ ಲವ್ಸ್ ಎ ಗುಡ್ ಡ್ರಾಟ್' (1996) ಉದಾಹರಣೆಯಾಗಿದೆ. ಅತಿ ಬಡ ಜಿಲ್ಲೆಗಳ ಜನರ ಬದುಕಿನ ಜೊತೆಗೆ ಅವರ ಹೆಸರಿನಲ್ಲಿ ವ್ಯಯವಾದ ಯೋಜನೆಗಳ ವೈಫಲ್ಯವನ್ನೂ ಅದು ದಾಖಲಿಸುತ್ತದೆ.

== ಟೀಕೆ ==

ಭಾವನೆಯನ್ನು ಕೆರಳಿಸುವ ಬರಹವು ಬಡವರನ್ನು ಅಸಹಾಯಕರೆಂದು ಚಿತ್ರಿಸಿ ಅವರ ಘನತೆಗೆ ಧಕ್ಕೆ ತರುತ್ತದೆ ಎಂಬುದು ಒಂದು ಆಕ್ಷೇಪ. ಕೇವಲ ಅಂಕಿಗಳನ್ನು ಆಧರಿಸಿದ ಬರಹವು ಅವರ ಅನುಭವವನ್ನು ಮರೆಮಾಚುತ್ತದೆ ಎಂಬುದು ಇನ್ನೊಂದು. 'ಬಡವರು ಬಡವರಾಗಿಯೇ ಉಳಿದರು' ಎಂಬಂತಹ ಕರ್ತೃವಿಲ್ಲದ ವಾಕ್ಯಗಳು ಕೂಲಿ ತಡೆಹಿಡಿದವರು ಯಾರು, ಭೂಮಿ ಕಸಿದುಕೊಂಡವರು ಯಾರು ಎಂಬ ಪ್ರಶ್ನೆಗಳನ್ನು ಬದಿಗೆ ಸರಿಸುತ್ತವೆ ಎಂದೂ ಭಾಷಾ ವಿಮರ್ಶಕರು ವಾದಿಸುತ್ತಾರೆ.