ನಿಧಾನದ ರೋಗವೂ ಅವಸರದ ರೋಗವೂ

ರೋಗಗಳಲ್ಲಿ ಎರಡು ಜಾತಿಗಳುಂಟು. ಬಾಗಿಲು ತಟ್ಟದೆಯೇ ಒಳನುಗ್ಗಿ ಊರಿಗೆ ಊರನ್ನೇ ತಲ್ಲಣಗೊಳಿಸುವಂಥದು ಒಂದು. ಪ್ಲೇಗು, ಕಾಲರಾಗಳು ಈ ಬಗೆಯವು. ಮನೆಯೊಳಗೇ ಸದ್ದಿಲ್ಲದೆ ವರ್ಷಗಟ್ಟಲೆ ನೆಲೆಸುವಂಥದು ಇನ್ನೊಂದು, ಮಧುಮೇಹ ಅಂಥದು. ಚರಿತ್ರೆ ಬರೆಯುವವರು ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಆದರೆ ಕೊರೋನಾ ಪಿಡುಗಿನ ಕಥೆಯನ್ನು ಎರಡನೆಯದನ್ನು ಬಿಟ್ಟು ಹೇಳಲಾಗದು. ಈ ಎರಡೂ ಒಂದೇ ದೇಹದಲ್ಲಿ ಸಂಧಿಸಿದಾಗ ಏನಾಯಿತೆಂಬುದನ್ನು ವೈದ್ಯನಾಗಿ ಅಲ್ಲ, ಚರಿತ್ರೆಯ ವಿದ್ಯಾರ್ಥಿಯಾಗಿ ನಿಮ್ಮ ಮುಂದಿಡಬಯಸುತ್ತೇನೆ.

ಸಿಹಿಮೂತ್ರಕ್ಕೂ ಸೋಂಕಿಗೂ ಇರುವ ನಂಟು ಹೊಸದಲ್ಲ. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆ ಗುರುತಿಸಿತು. ರೋಗವನ್ನು ಉಪೇಕ್ಷಿಸಿದರೆ ಏಳು ಬಗೆಯ ದಾರುಣವಾದ ಕುರುಗಳು ಏಳುತ್ತವೆಂದೂ ಎಚ್ಚರಿಸಿತು. ಸೂಕ್ಷ್ಮಜೀವಿಗಳ ಹೆಸರೇ ತಿಳಿಯದಿದ್ದ ಕಾಲದ ಮಾತಿದು. ಇನ್ನು ಆಧುನಿಕ ಕಾಲಕ್ಕೆ ಬಂದರೆ, 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಕೊಡಲಾಯಿತು. ಸಾವಿನ ಅಂಚಿನಲ್ಲಿದ್ದ ಅವನು ಮತ್ತೆ 13 ವರ್ಷ ಬದುಕಿದ. 1935ರಲ್ಲಿ ಅವನನ್ನು ಕೊಂಡೊಯ್ದದ್ದು ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕು.

ಹೀಗಾಗುವುದಕ್ಕೆ ಕಾರಣವುಂಟು. ರಕ್ತದಲ್ಲಿ ಸಕ್ಕರೆ ಏರಿ ನಿಂತಾಗ ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳು ಮಂದಗತಿಯವಾಗುತ್ತವೆ. ಇತ್ತ ಸೋಂಕು ತಗುಲಿದೊಡನೆ ದೇಹ ಗಾಬರಿಗೊಂಡು ಸುರಿಸುವ ಹಾರ್ಮೋನುಗಳು ಸಕ್ಕರೆಯನ್ನು ಮತ್ತಷ್ಟು ಏರಿಸುತ್ತವೆ. ಹೀಗೆ ಒಂದು ಇನ್ನೊಂದಕ್ಕೆ ಗಾಳಿ ಹಾಕುತ್ತದೆ.

ಕೊರೋನಾ ಎಂಬುದು ಒಂದೇ ವೈರಸ್ಸಿನ ಹೆಸರಲ್ಲ, ಒಂದು ಕುಲದ ಹೆಸರು. ಆ ಕುಲದ 'ಮರ್ಸ್' ಎಂಬ ರೋಗ 2012ರಲ್ಲಿ ಸೌದಿ ಅರೇಬಿಯಾದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಮೊದಲು ವಿವರವಾಗಿ ಪರಿಶೀಲಿಸಿದ 47 ರೋಗಿಗಳಲ್ಲಿ 32 ಮಂದಿ ಮಧುಮೇಹಿಗಳು. ಸೂಚನೆ ಸ್ಪಷ್ಟವಾಗಿಯೇ ಇತ್ತು. ಎಂಟು ವರ್ಷಗಳ ತರುವಾಯ ಕೋವಿಡ್ ಬಂದಾಗ ಅದೇ ಪಾಠ ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಟ್ಟಿತು. 2020ರ ಮಾರ್ಚಿಯಿಂದ ಮೇ ನಡುವೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಮಡಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಧುಮೇಹಿಗಳು.

ನಮ್ಮ ದೇಶದಲ್ಲಿ ಈ ಕಥೆ ಇನ್ನೊಂದು ಕಹಿ ತಿರುವು ಪಡೆಯಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯಿಡ್, ಆಮ್ಲಜನಕ ಬೇಕಾಗುವಷ್ಟು ಕಾಯಿಲೆಯಾದವರ ಜೀವ ಉಳಿಸುತ್ತದೆಂದು 2020ರ ಜೂನ್‌ನಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ತೋರಿಸಿಕೊಟ್ಟರು. ಆಮ್ಲಜನಕ ಬೇಡದವರಿಗೆ ಪ್ರಯೋಜನ ಕಾಣಲಿಲ್ಲ. 2021ರ ಎರಡನೆಯ ಅಲೆಯ ಭೀತಿಯಲ್ಲಿ ಈ ಗೆರೆ ಅನೇಕ ಕಡೆ ಅಳಿಸಿಹೋಯಿತು. ಸ್ಟೀರಾಯಿಡ್ ಸಕ್ಕರೆಯನ್ನು ಏರಿಸುವುದಲ್ಲದೆ ದೇಹದ ಕಾವಲನ್ನೂ ಸಡಿಲಿಸುತ್ತದೆ. ಆ ಸಿಹಿನೆಲದಲ್ಲಿ ಕಪ್ಪು ಶಿಲೀಂಧ್ರವೆಂದು ಜನ ಕರೆದ ಬೂಷ್ಟು ಬೆಳೆಯಿತು. ಕೋವಿಡ್ ಗೆದ್ದು ಬಂದವರು ಕಣ್ಣು, ದವಡೆಗಳನ್ನು ಕಳೆದುಕೊಂಡರು. ಆ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಇದನ್ನು 1897ರ ಸಾಂಕ್ರಾಮಿಕ ರೋಗಗಳ ಕಾನೂನಿನಡಿ ವರದಿಯಾಗಬೇಕಾದ ರೋಗವೆಂದು ಸಾರಲು ರಾಜ್ಯಗಳಿಗೆ ಸೂಚಿಸಿತು. ಆ ಕಾನೂನು ಹುಟ್ಟಿದ್ದು ಮುಂಬಯಿಯ ಪ್ಲೇಗಿನ ಕಾಲದಲ್ಲಿ. ಒಬ್ಬರಿಂದೊಬ್ಬರಿಗೆ ಹರಡದ, ಬಹುಪಾಲು ಮಧುಮೇಹಿಗಳನ್ನೇ ಹಿಡಿದ ಬೂಷ್ಟಿಗೆ ಪ್ಲೇಗಿನ ಕಾನೂನು ಅನ್ವಯಿಸಬೇಕಾಗಿ ಬಂದುದು ಚರಿತ್ರೆಯ ವೈಚಿತ್ರ್ಯ.

ಆ ದಿನಗಳಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಒಂದು ಮಾತು ಕೇಳಿಬರುತ್ತಿತ್ತು: "ಅವರಿಗೆ ಶುಗರ್ ಇತ್ತಂತೆ." ಹೇಳಿದವರಿಗೆ ಅದರಿಂದ ಸ್ವಲ್ಪ ಸಮಾಧಾನ, ತನಗಿಲ್ಲವಲ್ಲ ಎಂಬ ಸಮಾಧಾನ. ಸತ್ತವರ ಮೇಲೆಯೇ ಸಾವಿನ ಹೊಣೆ ಹೊರಿಸಿ ವಿಚಾರಣೆಯನ್ನು ಮುಗಿಸಿಬಿಡುವ ಈ ಮಾತನ್ನು ನಾನು ಒಪ್ಪಲಾರೆ. ಚೀನಾದ ಹುಬೇ ಪ್ರಾಂತದ ಆಸ್ಪತ್ರೆಗಳಲ್ಲಿ 2020ರಲ್ಲಿ ನಡೆದ ಅಧ್ಯಯನವೊಂದರಲ್ಲಿ, ಸಕ್ಕರೆ ಹತೋಟಿಯಲ್ಲಿದ್ದ ಮಧುಮೇಹಿಗಳಲ್ಲಿ ಸತ್ತವರು ನೂರಕ್ಕೆ ಸುಮಾರು 1. ಹತೋಟಿ ತಪ್ಪಿದವರಲ್ಲಿ ಸುಮಾರು 11. ಕಾಯಿಲೆ ಉಲ್ಬಣಿಸಿದಂತೆ ಸಕ್ಕರೆಯೂ ಏರುವುದರಿಂದ ಇಡೀ ಅಂತರವನ್ನು ಹತೋಟಿಯೊಂದಕ್ಕೇ ಸಲ್ಲಿಸುವುದು ಸರಿಯಲ್ಲ. ಆದರೂ 'ಶುಗರ್ ಇತ್ತು' ಎಂಬಲ್ಲಿಗೆ ಮಾತು ಮುಗಿಯುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಎಷ್ಟಿತ್ತು, ಅಳೆದವರಾರು, ಔಷಧ ಕೈಗೆ ಎಟುಕಿತ್ತೆ ಎಂಬ ಪ್ರಶ್ನೆಗಳು ಉಳಿಯುತ್ತವೆ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಗಿಲು. ಅವರಲ್ಲಿ ತಮಗೆ ರೋಗವಿದೆಯೆಂದೇ ತಿಳಿಯದವರು ಅನೇಕರು. ಮುಂದೆಂದೋ ಇನ್ನೊಂದು ಅವಸರದ ರೋಗ ಬಂದೇ ಬರುತ್ತದೆ. ಅದು ಯಾವಾಗ, ಎಲ್ಲಿಂದ ಬರುವುದೋ ಯಾರೂ ಹೇಳಲಾರರು. ಅದು ಬರುವ ಮೊದಲೇ ಮನೆಯಲ್ಲಿರುವ ನಿಧಾನದ ರೋಗವನ್ನು ಒಂದು ಹನಿ ರಕ್ತದಿಂದ ಕಂಡುಕೊಳ್ಳಬಹುದು. ಆ ಪರೀಕ್ಷೆ ನಮ್ಮ ಪಕ್ಕದ ಹಳ್ಳಿಯವನಿಗೂ ದೊರೆಯುವಂತಾದರೆ, ಈ ಪಿಡುಗಿನಿಂದ ನಾವು ಏನನ್ನಾದರೂ ಕಲಿತಂತೆ.